ಗೋಪನಮೀಮಾಂಸೆ

೧. ಉಪೋದ್ಘಾತ

ಮನುಷ್ಯನನ್ನು ಬಾಧಿಸುವ ತಾಪಗಳನ್ನು ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ ಎಂದು ಮೂರಾಗಿ ವಿಂಗಡಿಸಿ ತೃಪ್ತರಾದ ನಮ್ಮ ಪೂರ್ವಸೂರಿಗಳು, ಸಂಜೆಯ ದೀಪ ಹೊತ್ತಿಸಿದ ಕ್ಷಣದಿಂದ ರಾತ್ರಿಯ ಊಟದ ತಟ್ಟೆಗಳು ಒಣಗುವವರೆಗೆ ನಾಡಿನ ನಡುಮನೆಗಳಲ್ಲೆಲ್ಲ ಅನುಭವಕ್ಕೆ ಬರುವ ನಾಲ್ಕನೆಯ ತಾಪವೊಂದನ್ನು ಗಣನೆಗೆ ತಾರದೆ ಹೋದದ್ದು ಅವರ ಪ್ರಜ್ಞೆಯ ಕೊರತೆಯಿಂದಲ್ಲ. ಅವರ ಕಾಲದಲ್ಲಿ ಟೆಲಿವಿಷನ್ ಇಲ್ಲದಿದ್ದ ಪುಣ್ಯದಿಂದ. ಈ ನಾಲ್ಕನೆಯದನ್ನು ನಾವು ಆಧಿಧಾರಾವಾಹಿಕ ತಾಪವೆಂದು ಕರೆಯುತ್ತೇವೆ. ಕಥೆಯ ಮರ್ಮವನ್ನು ಬಲ್ಲವರು ಹೇಳದಿರುವುದರಿಂದಲೂ, ಹೇಳಲು ಬಾಯಿ ತೆರೆದವರು ಮೂರ್ಛೆ ಹೋಗುವುದರಿಂದಲೂ, ಮೂರ್ಛೆ ತಿಳಿದೆದ್ದವರಿಗೆ ನೆನಪು ಹೋಗಿರುವುದರಿಂದಲೂ ಹುಟ್ಟಿ, ಜಾಹೀರಾತುಗಳಿಂದ ಪೋಷಿತವಾಗಿ, ‘ಮುಂದುವರಿಯುವುದು’ ಎಂಬ ಅಕ್ಷರಗಳಲ್ಲಿ ಪರಾಕಾಷ್ಠೆಯನ್ನು ಮುಟ್ಟುವ ಈ ತಾಪಕ್ಕೆ ಇದುವರೆಗೆ ಶಾಸ್ತ್ರವಿಲ್ಲದಿರುವುದು ವಿದ್ವತ್ಪ್ರಪಂಚಕ್ಕೆ ಶೋಭೆಯಲ್ಲವೆಂದು ಬಗೆದು, ಪ್ರಕೃತ ಗ್ರಂಥಕಾರನು ಈ ಕಿರುಮೀಮಾಂಸೆಯನ್ನು ರಚಿಸಲು ಉದ್ಯುಕ್ತನಾಗಿದ್ದಾನೆ.

ಶಾಸ್ತ್ರವೆಂದ ಮೇಲೆ ಅನುಬಂಧಚತುಷ್ಟಯವನ್ನು ಮೊದಲೇ ನಿರೂಪಿಸಬೇಕು. ಇಲ್ಲಿ ವಿಷಯವು ಗುಟ್ಟು. ಪ್ರಯೋಜನವು ಗುಟ್ಟನ್ನು ತಿಳಿಯುವುದಲ್ಲ, ಅದು ದೇವತೆಗಳಿಗೂ ದುರ್ಲಭ. ಅದೇಕೆ ತಿಳಿಯದೆಂಬುದನ್ನು ತಿಳಿಯುವುದು. ಸಂಬಂಧವು ನೋಡುಗನಿಗೂ ಧಾರಾವಾಹಿಗೂ ನಡುವಣ, ಬೈಯುತ್ತ ನೋಡುವ ಮತ್ತು ನೋಡುತ್ತ ಬೈಯುವ ಸ್ವರೂಪದ ಅವಿನಾಭಾವ. ಅಧಿಕಾರಿಯ ಲಕ್ಷಣವನ್ನು ಮಾತ್ರ ಕೊಂಚ ವಿಸ್ತರಿಸಬೇಕಾಗಿದೆ. ಏಕೆಂದರೆ ವೇದಾಂತಕ್ಕೆ ಹೇಗೋ ಹಾಗೆ ಇದಕ್ಕೂ ಸಾಧನಗಳು ನಾಲ್ಕು. ಯಾವ ಪಾತ್ರ ಸತ್ತರೆ ನಿಜವಾಗಿಯೂ ಸತ್ತಂತೆ, ಯಾವ ಪಾತ್ರ ಸತ್ತರೂ ಮುಂದಿನ ಯುಗಾದಿಯ ಹೊತ್ತಿಗೆ ಗಡ್ಡ ಬಿಟ್ಟುಕೊಂಡು ಹಿಂದಿರುಗುವುದು ಎಂಬುದನ್ನು ಬೇರ್ಪಡಿಸಿ ಅರಿಯುವುದು ನಿತ್ಯಾನಿತ್ಯವಸ್ತುವಿವೇಕ; ಇಂದಿನ ಕಂತಿನಲ್ಲಾಗಲಿ ನಾಳಿನ ಕಂತಿನಲ್ಲಾಗಲಿ ಫಲವನ್ನು ಬಯಸದಿರುವುದು ಇಹಾಮುತ್ರಫಲಭೋಗವಿರಾಗ; ರಿಮೋಟನ್ನು ಗೋಡೆಗೆ ಎಸೆಯದೆ ದಿಂಬಿನ ಮೇಲೆಯೇ ಎಸೆಯುವುದು ಶಮದಮಾದಿಸಂಪತ್ತು; ಎಂದಾದರೊಂದು ದಿನ ಈ ಕಥೆ ಮುಗಿದೀತೆಂಬ ಹಂಬಲವೇ ಮುಮುಕ್ಷುತ್ವ. ಈ ನಾಲ್ಕೂ ಉಳ್ಳವರು, ನೇರವಾಗಿ ಕುಳಿತು ನೋಡುವವರಾಗಲಿ, ಪೇಪರು ಓದುತ್ತಿದ್ದೇನೆಂದು ಹೇಳಿಕೊಂಡು ಅದರ ಅಂಚಿನಿಂದ ಓರೆಗಣ್ಣಿನಲ್ಲಿ ನೋಡುವವರಾಗಲಿ, ಈ ಶಾಸ್ತ್ರಕ್ಕೆ ಸಮಾನವಾಗಿ ಅಧಿಕಾರಿಗಳೇ.

೨. ಲಕ್ಷಣ ಮತ್ತು ಪ್ರಮಾಣ

ಹೇಳತಕ್ಕ ವಿಷಯವಿದ್ದು, ಹೇಳಬಲ್ಲವರಿದ್ದು, ಕೇಳತಕ್ಕವರು ಎದುರಿಗೇ ಇದ್ದು, ಹೇಳಲು ಅಡ್ಡಿಯಿಲ್ಲದಿದ್ದೂ ಹೇಳದಿರುವುದು ಗೋಪನ: ಇದು ಲಕ್ಷಣ. ಪದಗಳ ಸಾರ್ಥಕ್ಯವನ್ನು ವಿಚಾರಿಸೋಣ. ‘ಹೇಳತಕ್ಕ ವಿಷಯವಿದ್ದು’ ಎನ್ನದಿದ್ದರೆ ಮದುವೆಮನೆಯಲ್ಲಿ ಸುಮ್ಮನೆ ಕುಳಿತ ಸಜ್ಜನರಿಗೆಲ್ಲ ಅತಿವ್ಯಾಪ್ತಿಯಾಗುತ್ತದೆ. ‘ಹೇಳಬಲ್ಲವರಿದ್ದು’ ಎನ್ನದಿದ್ದರೆ, ಎಲ್ಲವನ್ನೂ ನೋಡುತ್ತ ಗೋಡೆಯ ಮೇಲೆ ತೂಗುವ, ಗಂಧದ ಹಾರ ಧರಿಸಿದ ಮಾವನವರ ಭಾವಚಿತ್ರಕ್ಕೂ ಲಕ್ಷಣ ಅನ್ವಯಿಸೀತು. ‘ಎದುರಿಗೇ ಇದ್ದು’ ಎಂಬುದು ಅಂಚೆಯ ವಿಳಂಬವನ್ನು ವ್ಯಾವರ್ತಿಸುತ್ತದೆ. ‘ಅಡ್ಡಿಯಿಲ್ಲದಿದ್ದೂ’ ಎಂಬುದಂತೂ ಈ ಲಕ್ಷಣದ ಪ್ರಾಣ: ರೋಗಿಯ ವಿಚಾರವನ್ನು ಬಾಯಿಬಿಡದ ವೈದ್ಯನಿಗೂ, ಕಕ್ಷಿಗಾರನ ಮಾತನ್ನು ಹೊರಗೆಡಹದ ವಕೀಲನಿಗೂ, ಗೌಪ್ಯದ ಪ್ರಮಾಣವಚನ ಸ್ವೀಕರಿಸಿದ ಮಂತ್ರಿಗೂ ಅಡ್ಡಿಯುಂಟು, ಕೈಯಲ್ಲಿ ಡಿ.ಎನ್.ಎ. ವರದಿಯನ್ನು ಹಿಡಿದು, ಬೇರೊಬ್ಬರೂ ಇಲ್ಲದ ಕೋಣೆಯಲ್ಲಿ, ತನ್ನ ಗಂಡನ ಮುಂದೆ ನಿಂತ ನಾಯಿಕೆಗೆ ಅಂಥ ಅಡ್ಡಿ ಯಾವುದೂ ಇಲ್ಲ. ಆಕೆ ಹೇಳುವುದಿಲ್ಲ. ಆದುದರಿಂದ ಅದು ಗೋಪನ.

ಇನ್ನು ಗುಟ್ಟನ್ನು ತಿಳಿಯಲು ಪ್ರಮಾಣವಾವುದು? ಪ್ರತ್ಯಕ್ಷವೆನ್ನುವಂತಿಲ್ಲ, ಕ್ಯಾಮೆರಾ ಆ ಕಾಗದದ ಬೆನ್ನನ್ನು ಮಾತ್ರ ತೋರಿಸುತ್ತದೆ. ಅನುಮಾನವೂ ಸಲ್ಲದು, ಹೊಗೆ ಕಂಡಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಯು ಧಾರಾವಾಹಿಯಲ್ಲಿ ಭಗ್ನವಾಗಿದೆ. ಅಲ್ಲಿ ಹೊಗೆ ಬಂದರೆ ಅದು ಕನಸು. ಉಪಮಾನಕ್ಕೆ ಕೊಂಚ ಬಲವಿದೆ: ಇದೇ ಕಥೆಯ ಮರಾಠಿ ಅಥವಾ ಹಿಂದಿ ಮೂಲವನ್ನು ಕಂಡ ಬಂಧುವಿದ್ದರೆ ಅದರ ಸಾದೃಶ್ಯದಿಂದ ಇದನ್ನು ತಿಳಿಯಬಹುದು. ಅರ್ಥಾಪತ್ತಿಯಿಂದ ತಿಳಿಯುವುದೇನೆಂದರೆ, ಮುನ್ನೂರು ಕಂತುಗಳ ಕಾಲ ಇದೊಂದು ಗುಟ್ಟನ್ನೇ ಹಿಡಿದು ಕಥೆ ನಿಂತಿರುವುದರಿಂದ, ಅದನ್ನು ಬಿಟ್ಟರೆ ಕಥೆಯಲ್ಲಿ ಬೇರೇನೂ ಇಲ್ಲ. ಭಾಟ್ಟ ಮೀಮಾಂಸಕರು ಆರನೆಯದಾಗಿ ಒಪ್ಪಿದ ಅನುಪಲಬ್ಧಿಯೇ ಇಲ್ಲಿ ಪ್ರಬಲ ಪ್ರಮಾಣ. ಅಭಾವವನ್ನು ಗ್ರಹಿಸುವುದು ಅದರ ಕೆಲಸ, ನೋಡುಗನಿಗೆ ಕಟ್ಟಕಡೆಗೆ ದೊರೆಯುವುದೂ ಅದೇ.

ಈ ಗೋಪನವು ಮೂರು ಬಗೆ. ನೋಡುಗನಿಗೆ ತಿಳಿದಿದ್ದು ಪಾತ್ರಕ್ಕೆ ತಿಳಿಯದಿರುವುದು ಪಾತ್ರಗೋಪನ. ಪಾತ್ರಕ್ಕೂ ನೋಡುಗನಿಗೂ ತಿಳಿಯದೆ ಕರ್ತೃವಿಗೆ ಮಾತ್ರ ತಿಳಿದಿರುವುದು ಪ್ರೇಕ್ಷಕಗೋಪನ. ಕರ್ತೃವಿಗೂ ತಿಳಿಯದಿರುವುದು ಕರ್ತೃಗೋಪನ. ಇವು ಉತ್ತರೋತ್ತರ ಉಗ್ರವಾದವು. ಕ್ರಮವಾಗಿ ವಿವೇಚಿಸೋಣ.

೩. ಪಾತ್ರಗೋಪನ

ಇದು ಕುಲೀನವಾದ ಗೋಪನ. ಇದರ ವಂಶಾವಳಿಯನ್ನು ನೋಡಿದರೆ ತಲೆಬಾಗಬೇಕು. ವ್ಯಾಸಭಾರತದ ಶಕುಂತಲೋಪಾಖ್ಯಾನದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಎರಡನ್ನೂ ತಂದವನು ಕಾಳಿದಾಸ. ದುರ್ವಾಸರು ಶಪಿಸಿದ್ದನ್ನು ನಾಲ್ಕನೆಯ ಅಂಕದ ಮೊದಲಲ್ಲಿಯೇ ಅನಸೂಯೆ ಪ್ರಿಯಂವದೆಯರ ಮೂಲಕ ಸಭೆಗೆ ತಿಳಿಸಿಬಿಟ್ಟು, ಶಕುಂತಲೆಗೂ ದುಷ್ಯಂತನಿಗೂ ಮಾತ್ರ ಆತ ಮರೆಮಾಡಿದ. ಹೀಗಾಗಿ ಐದನೆಯ ಅಂಕದಲ್ಲಿ ದುಷ್ಯಂತನು ಆಕೆಯನ್ನು ಕಾಣೆನೆಂದು ನುಡಿಯುವಾಗ ಸಾಮಾಜಿಕನು ‘ಇವನೇಕೆ ಹೀಗೆ?’ ಎಂದು ಗೊಂದಲಕ್ಕೆ ಬೀಳುವುದಿಲ್ಲ, ಬಲ್ಲವನಾದುದರಿಂದಲೇ ಮರುಗುತ್ತಾನೆ. ಆರನೆಯ ಅಂಕದಲ್ಲಿ ಬೆಸ್ತನ ಕೈಯಿಂದ ಉಂಗುರ ಬರುತ್ತದೆ, ಏಳನೆಯದರಲ್ಲಿ ಮಾರೀಚಮಹರ್ಷಿ ಶಾಪದ ವೃತ್ತಾಂತವನ್ನು ದಂಪತಿಗಳಿಗೆ ಹೇಳುತ್ತಾನೆ, ನಾಟಕ ಮುಗಿಯುತ್ತದೆ. ಭಾಸನ ಸ್ವಪ್ನವಾಸವದತ್ತದಲ್ಲಿಯೂ ಅವಂತಿಕೆಯೆಂಬ ಹೆಸರಿನಲ್ಲಿ ಪದ್ಮಾವತಿಯ ಬಳಿಯಿರುವವಳು ಬೆಂಕಿಯಲ್ಲಿ ಸತ್ತಳೆಂದು ರಾಜನು ನಂಬಿದ ವಾಸವದತ್ತೆಯೇ ಎಂಬುದು ಮೊದಲ ಅಂಕದಿಂದಲೂ ನಮಗೆ ಗೊತ್ತು. ಉದಯನನಿಗೆ ಗೊತ್ತಾಗುವುದು ಆರನೆಯದರಲ್ಲಿ. ಆರು ಅಂಕಕ್ಕೆ ಒಂದು ಗುಟ್ಟು, ನ್ಯಾಯವಾದ ಪರಿಮಾಣ.

ಕರ್ಣನ ಜನ್ಮರಹಸ್ಯವಂತೂ ಗೋಪನಶಾಸ್ತ್ರದ ಮೇರು. ಆದಿಪರ್ವದಲ್ಲಿ ಕೇಳುಗನಿಗೆ ತಿಳಿದದ್ದು ಉದ್ಯೋಗಪರ್ವದಲ್ಲಿ ಕೃಷ್ಣನಿಂದ ಕರ್ಣನಿಗೆ ತಿಳಿದು, ಧರ್ಮರಾಯನಿಗೆ ತಿಳಿಯುವ ಹೊತ್ತಿಗೆ ಯುದ್ಧವೇ ಮುಗಿದು ಸ್ತ್ರೀಪರ್ವದ ತರ್ಪಣ ನಡೆದಿರುತ್ತದೆ. ಕರ್ಣಭೇದನದ ತಾಳಮದ್ದಳೆಗೆ ಬಂದು ಕುಳಿತವರಲ್ಲಿ ಆ ಗುಟ್ಟನ್ನರಿಯದವರು ಒಬ್ಬರೂ ಇಲ್ಲ. ಆದರೂ ಅರ್ಥಧಾರಿಗಳು ಬೆಳಗಿನವರೆಗೆ ಮಾತಾಡಿದರೂ ಯಾರೂ ಎದ್ದು ಹೋಗುವುದಿಲ್ಲ. ಅಲ್ಲಿ ಕಾತರವು ‘ಏನು’ ಎಂಬುದಕ್ಕಲ್ಲ, ‘ಕೇಳಿದಾಗ ಆತ ಏನು ಮಾಡುತ್ತಾನೆ’ ಎಂಬುದಕ್ಕೆ. ಪ್ರಸಂಗವಶಾತ್ ಒಂದು ಮಾತು: ಇಷ್ಟು ದೊಡ್ಡ ವಿಷಯವನ್ನು ತಾಯಿ ಬಚ್ಚಿಟ್ಟಳೆಂದು ಕನಲಿದ ಯುಧಿಷ್ಠಿರನು ಇನ್ನು ಮುಂದೆ ಸ್ತ್ರೀಯರ ಬಾಯಲ್ಲಿ ಗುಟ್ಟು ನಿಲ್ಲದಿರಲೆಂದು ಶಾಂತಿಪರ್ವದಲ್ಲಿ ಶಪಿಸಿದ್ದುಂಟು. ಆ ಶಾಪವು ಕನ್ನಡ ವಾಹಿನಿಗಳ ಪ್ರಸಾರವ್ಯಾಪ್ತಿಯಲ್ಲಿ ಮಾತ್ರ ಸಂಪೂರ್ಣ ನಿಷ್ಫಲವಾಗಿರುವುದಕ್ಕೆ ಕಾರಣವನ್ನು ಪೌರಾಣಿಕರು ಶೋಧಿಸಬೇಕು.

ನಮ್ಮ ನಿತ್ಯದ ಧಾರಾವಾಹಿಗಳು ಈ ಕುಲದಲ್ಲಿಯೇ ಹುಟ್ಟಿದವು. ಮಗು ಯಾರದೆಂದು, ವಿಷ ಬೆರೆಸಿದವರು ಯಾರೆಂದು, ಆಸ್ತಿಪತ್ರಕ್ಕೆ ಸಹಿ ಹಾಕಿಸಿಕೊಂಡವಳು ಯಾವ ಅತ್ತಿಗೆಯೆಂದು ನಮಗೆ ಮೊದಲ ತಿಂಗಳಲ್ಲಿಯೇ ಗೊತ್ತು. ಗೊತ್ತಾಗಬೇಕಾದವರಿಗೆ ಗೊತ್ತಾಗದಂತೆ ನೋಡಿಕೊಳ್ಳುವುದೇ ಮಿಕ್ಕ ಮೂರು ವರ್ಷಗಳ ಉದ್ಯಮ. ಇದಕ್ಕೆ ಬಳಕೆಯಲ್ಲಿರುವ ಉಪಾಯಗಳನ್ನು ನಾವು ಏಳೆಂದು ಎಣಿಸಿದ್ದೇವೆ.

ಮೊದಲನೆಯದು ಘಂಟೋಪಾಯ: ‘ನಿಮಗೊಂದು ವಿಷಯ ಹೇಳಬೇಕು’ ಎಂಬ ವಾಕ್ಯವು ಮುಗಿದೊಡನೆ ಬಾಗಿಲ ಗಂಟೆಯೋ ಫೋನೋ ಬಾರಿಸುವುದು. ಎರಡನೆಯದು ಮೂರ್ಛೋಪಾಯ, ಇದರ ಪ್ರೌಢರೂಪವೇ ಕೋಮಾ. ಮೂರನೆಯದು ಆಣೆಯುಪಾಯ: ಗುಟ್ಟನ್ನು ಬಲ್ಲ ಏಕೈಕ ಸತ್ಯವಂತೆಯಿಂದ, ಮಗುವಿನ ತಲೆಯ ಮೇಲೆ ಕೈಯಿಡಿಸಿ, ಹೇಳೆನೆಂದು ಮಾತು ತೆಗೆದುಕೊಳ್ಳುವುದು. ನಾಲ್ಕನೆಯದು ಪತ್ರೋಪಾಯ: ಸತ್ಯವನ್ನೆಲ್ಲ ಬರೆದಿಟ್ಟ ಲಕೋಟೆಯು ಫ್ಯಾನಿನ ಗಾಳಿಗೆ ಹಾರಿ ಹೋಮಕುಂಡಕ್ಕೋ ಸೋಫಾದ ಅಡಿಗೋ ಸೇರುವುದು, ಸೋಫಾದ ಅಡಿಗೆ ಸೇರಿದ್ದಾದರೆ ನೂರು ಕಂತುಗಳ ತರುವಾಯ ಕಸ ಗುಡಿಸುವಾಗ ಸಿಕ್ಕುವುದೆಂದು ತಿಳಿಯತಕ್ಕದ್ದು, ಸಿಕ್ಕುವುದು ಖಳನಾಯಿಕೆಗೇ ಎಂಬುದನ್ನೂ. ಐದನೆಯದು ಅರ್ಧಶ್ರವಣ: ಬಾಗಿಲ ಮರೆಯಲ್ಲಿ ನಿಂತವರು ಪೂರ್ವಾರ್ಧವನ್ನು ಮಾತ್ರ ಕೇಳಿ ಓಡಿಹೋಗುವುದು. ಆರನೆಯದು ತ್ಯಾಗೋಪಾಯ: ‘ನಿಜ ಹೇಳಿದರೆ ಈ ಮನೆ ಒಡೆಯುತ್ತೆ’ ಎಂದು ಕಣ್ಣೀರಿಟ್ಟು, ಹೇಳದೆ ಉಳಿದು, ಅದರಿಂದಲೇ ಮನೆಯನ್ನು ನಾಲ್ಕು ಭಾಗವಾಗಿ ಒಡೆಯುವುದು. ಏಳನೆಯದು ಸರ್ವಶ್ರೇಷ್ಠವೂ ನಿರ್ಮಾಣವೆಚ್ಚದಲ್ಲಿ ಅತ್ಯಲ್ಪವೂ ಆದ ಕಾಲೋಪಾಯ, ಅರ್ಥಾತ್ ‘ಸಮಯ ಬಂದಾಗ ಹೇಳ್ತೀನಿ’ ಎಂಬುದು. ಸೋಫಾಪೀಠಸ್ಥರಾದ ಪ್ರಾಚೀನರು ಮೊದಲ ಆರನ್ನೂ ಏಳನೆಯದರ ಅಂಗಗಳೆಂದೇ ಪರಿಗಣಿಸುತ್ತಾರೆ. ರಿಮೋಟುಹಸ್ತರಾದ ನವೀನರು ವಿಚಾರಕ್ಕೆ ನಿಲ್ಲದೆ ವಾಹಿನಿಯನ್ನು ಬದಲಾಯಿಸುತ್ತಾರೆ, ಅಲ್ಲಿಯೂ ಗಂಟೆ ಬಾರಿಸುತ್ತಿರುತ್ತದೆ.

ಹಾಗಾದರೆ ಕಾಳಿದಾಸನಿಗೂ ಧಾರಾವಾಹಿಕಾರರಿಗೂ ಭೇದವೆಲ್ಲಿ? ಸಂಧಿಗಳಲ್ಲಿ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ನಾಟ್ಯಶಾಸ್ತ್ರಕಾರ ಭರತನು ಐದು ಸಂಧಿಗಳನ್ನು ಹೇಳಿ, ನಾಟಕಕ್ಕೆ ಐದರಿಂದ ಹತ್ತು ಅಂಕಗಳ ಮಿತಿಯನ್ನು ವಿಧಿಸಿದ. ಬೀಜವು ಕಂಡು, ಮರೆಯಾಗಿ, ಮತ್ತೆ ಅನ್ವೇಷಣೆಗೆ ಒಳಗಾಗುವುದು ಗರ್ಭಸಂಧಿ. ಧಾರಾವಾಹಿಯು ಮುಖಸಂಧಿಯಿಂದ ನೇರವಾಗಿ ಗರ್ಭಸಂಧಿಗೆ ಬಂದು ಅಲ್ಲಿಯೇ ವಿಶ್ರಮಿಸುತ್ತದೆ. ನಾಯಿಕೆಯ ಗರ್ಭವೂ ಅದರೊಡನೆ ಎರಡು ದೀಪಾವಳಿಗಳನ್ನು ಕಾಣುವುದುಂಟು. ನಿರ್ವಹಣವು ಬರುವುದು ವಾಹಿನಿಯು ಆ ಹೊತ್ತಿಗೆ ಬೇರೊಂದು ಧಾರಾವಾಹಿಯನ್ನು ನಿಶ್ಚಯಿಸಿದಾಗ. ಆಗ ಮೂರು ವರ್ಷಗಳ ಗುಟ್ಟುಗಳೆಲ್ಲ ಮೂರು ಸಂಜೆಗಳಲ್ಲಿ, ಸತ್ಯನಾರಾಯಣ ಪೂಜೆಯ ಪ್ರಸಾದದೊಂದಿಗೆ, ಒಟ್ಟಾಗಿ ವಿತರಣೆಯಾಗುತ್ತವೆ.

೪. ರಸನಿರ್ಣಯ

ಇಲ್ಲಿ ಶಾಸ್ತ್ರಜ್ಞರ ಗಮನಕ್ಕೆ ಬಾರದ ಒಂದು ಕ್ರಾಂತಿ ನಡೆದಿದೆ. ಭರತನು ಪರಿಗಣಿಸಿದ 33 ವ್ಯಭಿಚಾರಿಭಾವಗಳಲ್ಲಿ ಅವಹಿತ್ಥವೂ ಒಂದು. ಮನಸ್ಸಿನಲ್ಲಿರುವುದನ್ನು ಮುಖದಲ್ಲಿ ತೋರಗೊಡದೆ ಮರೆಮಾಚುವುದು ಅದರ ಸ್ವಭಾವ. ವ್ಯಭಿಚಾರಿಯೆಂದ ಮೇಲೆ ಅದು ಬಂದು, ಸ್ಥಾಯಿಯನ್ನು ಪೋಷಿಸಿ, ಮರ್ಯಾದೆಯಿಂದ ಹೊರಟುಹೋಗಬೇಕು. ಧಾರಾವಾಹಿಯಲ್ಲಿ ಅತಿಥಿಯಾಗಿ ಬಂದ ಈ ಅವಹಿತ್ಥವು ಹೋಗದೆ ನೆಲಸಿ, ರತಿ, ಶೋಕ, ಉತ್ಸಾಹಾದಿ ಹಳೆಯ ಸ್ಥಾಯಿಗಳನ್ನು ತನ್ನ ಪರಿಚಾರಿಕೆಗೆ ಇರಿಸಿಕೊಂಡು, ತಾನೇ ಸ್ಥಾಯಿಯ ಪೀಠವನ್ನು ಏರಿದೆ. ಸ್ಥಾಯಿ ಬದಲಾದರೆ ರಸ ಬದಲಾಗಬೇಕಷ್ಟೆ. ಆದಕಾರಣ ಶಾಂತವನ್ನೂ ಸೇರಿಸಿ ಒಂಬತ್ತಾದ ರಸಗಳಿಗೆ ಹತ್ತನೆಯದಾಗಿ ‘ತಹತಹ’ವೆಂಬ ರಸವನ್ನು ನಾವು ಅಂಗೀಕರಿಸುತ್ತೇವೆ.

ಇದಕ್ಕೆ ಆಲಂಬನವಿಭಾವ ಗುಟ್ಟುಳ್ಳ ಪಾತ್ರ. ಉದ್ದೀಪನವಿಭಾವಗಳು ಗುಡುಗಿನ ಹಿನ್ನೆಲೆಯ ಸದ್ದು, ಮತ್ತು ಕೋಣೆಯಲ್ಲಿರುವ ಪ್ರತಿಯೊಬ್ಬರ ಮುಖವನ್ನೂ, ಕಾಫಿಯ ತಟ್ಟೆ ಹಿಡಿದ ಆಳಿನ ಮುಖವನ್ನು ಸಹ, ಮೂರು ಮೂರು ಬಾರಿ ಸಮೀಪಿಸುವ ಕ್ಯಾಮೆರಾ. ‘ಹೇಳೇ ಮಾರಾಯ್ತಿ, ಹೇಳಿ ಸಾಯಿ!’ ಎಂದು ಪರದೆಯನ್ನು ಉದ್ದೇಶಿಸಿ ಕೂಗುವುದು ಅನುಭಾವ. ಔತ್ಸುಕ್ಯ, ಶಂಕೆ, ಅಮರ್ಷ, ವಿಷಾದ, ಜಡತೆಗಳು ಕ್ರಮವಾಗಿ ಬರುವ ವ್ಯಭಿಚಾರಿಗಳು; ನಿದ್ರೆಯು ಕೊನೆಯದು. ಭರತನು ಒಂದೊಂದು ರಸಕ್ಕೂ ವರ್ಣವನ್ನೂ ಅಧಿದೇವತೆಯನ್ನೂ ಹೇಳಿರುವುದರಿಂದ ನಾವೂ ಹೇಳಬೇಕು: ತಹತಹದ ವರ್ಣ ಕರೆಂಟು ಹೋದ ಪರದೆಯ ಬೂದು, ಅಧಿದೇವತೆ ಪ್ರಾಯೋಜಕ. ಅಭಿನವಗುಪ್ತನು ಏಳು ರಸವಿಘ್ನಗಳನ್ನು ಎಣಿಸಿ, ಕಥೆಯು ನಂಬಲರ್ಹವಾಗದಿರುವ ಸಂಭಾವನಾವಿರಹವನ್ನು ಅವುಗಳಲ್ಲಿ ಮೊದಲನೆಯದಾಗಿ ಇಟ್ಟಿದ್ದಾನೆ. ಇತರ ರಸಗಳಿಗೆ ವಿಘ್ನವಾದ ಅದೇ ಸಂಭಾವನಾವಿರಹವು ತಹತಹಕ್ಕೆ ಪೋಷಕವೆಂಬುದು ಈ ರಸದ ವೈಶಿಷ್ಟ್ಯ.

೫. ಪ್ರೇಕ್ಷಕಗೋಪನ

ಈ ಎರಡನೆಯ ಪ್ರಭೇದವು ಅಮೆರಿಕಾ ಖಂಡದಲ್ಲಿ ಪರಿಪುಷ್ಟವಾಗಿ ಬೆಳೆಯಿತು. ಅಲ್ಲಿನ ಎ.ಬಿ.ಸಿ. ವಾಹಿನಿಯು 2004ರ ಸೆಪ್ಟೆಂಬರ್ 22ರಂದು ‘ಲಾಸ್ಟ್’ ಎಂಬ ಧಾರಾವಾಹಿಯನ್ನು ಆರಂಭಿಸಿತು. ಸಿಡ್ನಿಯಿಂದ ಲಾಸ್ ಏಂಜಲಿಸಿಗೆ ಹೊರಟ ವಿಮಾನವೊಂದು ದಾರಿ ತಪ್ಪಿ ಅಜ್ಞಾತ ದ್ವೀಪವೊಂದರಲ್ಲಿ ಬೀಳುತ್ತದೆ. ಬದುಕುಳಿದವರಿಗೆ ಆ ಉಷ್ಣವಲಯದ ಕಾಡಿನಲ್ಲಿ ಹಿಮಕರಡಿ ಎದುರಾಗುತ್ತದೆ. ಮರಗಳನ್ನು ಬುಡಮೇಲು ಮಾಡುವ ಅದೃಶ್ಯ ಪ್ರಾಣಿಯೊಂದು ಮುಂದೆ ಹೊಗೆಯ ರೂಪದಲ್ಲಿ ಪ್ರಕಟವಾಗುತ್ತದೆ. ಹದಿನಾರು ವರ್ಷಗಳಿಂದ ಒಂದೇ ಸಮನೆ ಪುನರಾವರ್ತನೆಯಾಗುತ್ತಿರುವ ಫ್ರೆಂಚ್ ಸಂದೇಶವೊಂದು ರೇಡಿಯೋದಲ್ಲಿ ಕೇಳಿಬರುತ್ತದೆ. ಇವಿಷ್ಟೂ ಮೊದಲೆರಡು ಕಂತುಗಳಲ್ಲಿ ಬಿತ್ತಿದ ಬೀಜಗಳು. ನಾಟಕವೊಂದಕ್ಕೆ ಬೀಜವೊಂದು ಸಾಕೆಂದಿದ್ದ ಭರತನು ಇದನ್ನು ಕಂಡಿದ್ದರೆ ಸಂಧ್ಯಂಗಗಳ ಪಟ್ಟಿಯನ್ನು ಮಡಿಚಿಟ್ಟು ಎದ್ದುಬಿಡುತ್ತಿದ್ದನು.

ಮೊದಲ ಸೀಸನ್ನಿನ ನಡುವೆ ನೆಲದಲ್ಲಿ ಹುಗಿದ ಲೋಹದ ಮುಚ್ಚಳವೊಂದು ಸಿಕ್ಕುತ್ತದೆ. ಅದನ್ನು ತೆರೆಯುವ ಯತ್ನದಲ್ಲಿ ಸೀಸನ್ನೇ ತೀರಿ, 2005ರ ಮೇ ತಿಂಗಳ ಕೊನೆಯ ಕಂತಿನಲ್ಲಿ ಮುಚ್ಚಳ ಸಿಡಿದಾಗ ಕಂಡದ್ದು ಒಂದು ಆಳವಾದ ಕೂಪ, ಮುರಿದ ಏಣಿ, ಮತ್ತು ಸೆಪ್ಟೆಂಬರಿನವರೆಗಿನ ನಿರೀಕ್ಷೆ. ಸೆಪ್ಟೆಂಬರಿನಲ್ಲಿ ಒಳಗೆ ಕಂಡವನು ಪ್ರತಿ 108 ನಿಮಿಷಕ್ಕೊಮ್ಮೆ ಗುಂಡಿಯೊಂದನ್ನು ಒತ್ತುತ್ತ ಕುಳಿತ ಒಬ್ಬ ಮನುಷ್ಯ. ಏಕೆ ಒತ್ತಬೇಕು? ಅದು ಬೇರೊಂದು ಗುಟ್ಟು. 4, 8, 15, 16, 23, 42 ಎಂಬ ಆರು ಸಂಖ್ಯೆಗಳು ಲಾಟರಿಯಲ್ಲಿಯೂ ಮುಚ್ಚಳದ ಮೇಲೆಯೂ ಗಣಕಯಂತ್ರದಲ್ಲಿಯೂ ಕಾಣಿಸಿಕೊಂಡವು. ಅವುಗಳ ಮೊತ್ತವೂ 108 ಆಗಿರುವುದನ್ನು ಕಂಡು ನಮ್ಮ ಜಪಮಣಿಗಳ ಸಂಖ್ಯೆಯನ್ನು ಬಲ್ಲ ಆಸ್ತಿಕರು ಪುಳಕಗೊಂಡಿರಬಹುದು. ಒಂದು ಗುಟ್ಟಿನ ಉತ್ತರವು ಎರಡು ಹೊಸ ಗುಟ್ಟುಗಳಾಗಿರತಕ್ಕದ್ದೆಂಬ ಈ ವಿಧಾನವನ್ನು ನಾವು ದ್ವಿಗುಣನ್ಯಾಯವೆಂದು ಕರೆಯುತ್ತೇವೆ. 2010ರ ಮೇ 23ರಂದು, ಆರು ಸೀಸನ್ನುಗಳ ಬಳಿಕ, ಕಥೆ ಮುಗಿಯಿತು, ಗುಟ್ಟುಗಳು ಮುಗಿಯಲಿಲ್ಲ. ಅದೇ ವರ್ಷ ಡಿ.ವಿ.ಡಿ.ಯೊಡನೆ ಸುಮಾರು 12 ನಿಮಿಷಗಳ ಪರಿಶಿಷ್ಟವೊಂದನ್ನು ಹೊರಡಿಸಿ ಹಿಮಕರಡಿಯೇ ಮೊದಲಾದ ಕೆಲವು ಬಾಕಿಗಳನ್ನು ತೀರಿಸಿದರು. ಆರು ವರ್ಷಗಳ ಸಂದೇಹಕ್ಕೆ ಹನ್ನೆರಡು ನಿಮಿಷಗಳ ಸಮಾಧಾನ, ಅದೂ ಡಿ.ವಿ.ಡಿ. ಕೊಂಡವರಿಗೆ.

ಡೇನಿಷ್ ಮೂಲವೊಂದನ್ನು ಆಧರಿಸಿ 2011ರಲ್ಲಿ ಎ.ಎಂ.ಸಿ. ವಾಹಿನಿಯಲ್ಲಿ ಬಂದ ‘ದಿ ಕಿಲ್ಲಿಂಗ್’ ಇನ್ನೊಂದು ನಿದರ್ಶನ. ರೋಸಿ ಲಾರ್ಸೆನ್ ಎಂಬ ಹುಡುಗಿಯನ್ನು ಕೊಂದವರಾರೆಂಬ ಒಂದೇ ಪ್ರಶ್ನೆಯನ್ನು ಹಿಡಿದು ಹದಿಮೂರು ಕಂತುಗಳನ್ನು ನೋಡಿದವರಿಗೆ ಹದಿಮೂರನೆಯದರ ಅಂತ್ಯದಲ್ಲಿಯೂ ಉತ್ತರ ಸಿಗಲಿಲ್ಲ. ನೋಡುಗರ ಕೋಪ ಅಟ್ಲಾಂಟಿಕ್ ತೀರವನ್ನೆಲ್ಲ ವ್ಯಾಪಿಸಿತು. ಉತ್ತರ ಬಂದದ್ದು ಮರುವರ್ಷದ ಸೀಸನ್ನಿನ ಕೊನೆಯಲ್ಲಿ. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಇಂಥ ಅವಮಾನವನ್ನು ಓದುಗನಿಗೆ ಎಂದೂ ಮಾಡಿದವನಲ್ಲ. ಕಾದಂಬರಿಯ ಬೆಲೆ ಕೊಟ್ಟವನಿಗೆ ಅದೇ ಕಾದಂಬರಿಯ ಕೊನೆಯ ಪುಟದೊಳಗೆ ಅಪರಾಧಿಯನ್ನು ಒಪ್ಪಿಸುವ ಪ್ರಾಮಾಣಿಕತೆ ಆತನಿಗಿತ್ತು.

೬. ಕರ್ತೃಗೋಪನ

‘ಲಾಸ್ಟ್’ನ ಕರ್ತೃಗಳಲ್ಲೊಬ್ಬರಾದ ಜೆ.ಜೆ. ಅಬ್ರಾಮ್ಸ್ 2007ರಲ್ಲಿ ಸಭೆಯೊಂದರ ಮುಂದೆ ಮಾಡಿದ ಭಾಷಣದಲ್ಲಿ ಒಂದು ಪೆಟ್ಟಿಗೆಯನ್ನು ತೋರಿಸಿದರು. ನ್ಯೂಯಾರ್ಕಿನ ಇಂದ್ರಜಾಲ ಸಾಮಗ್ರಿಗಳ ಅಂಗಡಿಯೊಂದರಲ್ಲಿ ಬಹಳ ವರ್ಷಗಳ ಹಿಂದೆ ಹದಿನೈದು ಡಾಲರಿಗೆ ಕೊಂಡದ್ದು. ಮೇಲೆ ದೊಡ್ಡದೊಂದು ಪ್ರಶ್ನೆಯ ಚಿಹ್ನೆ. ಅದನ್ನು ತಾವು ಇನ್ನೂ ತೆರೆದೇ ಇಲ್ಲವೆಂದೂ, ತೆರೆಯದಿರುವುದರಿಂದಲೇ ಅದರೊಳಗೆ ಅನಂತ ಸಾಧ್ಯತೆಗಳಿವೆಯೆಂದೂ ಅವರು ಪ್ರತಿಪಾದಿಸಿದರು. ಕೊಂಡವನು ತನ್ನ ಪೆಟ್ಟಿಗೆಯನ್ನು ತೆರೆಯದಿರುವುದು ಆತನ ವೈಯಕ್ತಿಕ ಸ್ವಾತಂತ್ರ್ಯ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಆ ಪೆಟ್ಟಿಗೆಯನ್ನು ಮತ್ತೊಬ್ಬರಿಗೆ ಮಾರುವಾಗ ಒಳಗೇನಿದೆಯೆಂಬುದನ್ನು ಮಾರುವವನಾದರೂ ಬಲ್ಲವನಾಗಿರಬೇಕಲ್ಲವೆ? ಇದೇ ಕರ್ತೃಗೋಪನದ ಬೀಜ. ಇಲ್ಲಿ ನೋಡುಗನು ಕೇಳುವ ಪ್ರಶ್ನೆಗೆ ಉತ್ತರವನ್ನು ಯಾರೂ ಬಚ್ಚಿಟ್ಟಿಲ್ಲ. ಬಚ್ಚಿಡಲು ಉತ್ತರವೇ ಇಲ್ಲ. ನಮ್ಮ ಲಕ್ಷಣದ ಪ್ರಕಾರ ‘ಹೇಳತಕ್ಕ ವಿಷಯವಿದ್ದು’ ಎಂಬ ಮೊದಲ ಪದವೇ ಇಲ್ಲಿ ಬಾಧಿತವಾಗುವುದರಿಂದ, ಇದನ್ನು ಗೋಪನವೆನ್ನುವುದೂ ಉಪಚಾರಮಾತ್ರವೇ ಸರಿ.

ಬಿತ್ತಿದ ಗುಟ್ಟನ್ನು ಬಿಡಿಸದಿರಲು ಕರ್ತೃವಿಗೆ ಒಪ್ಪತಕ್ಕ ಕಾರಣ ಒಂದೇ: ಮರಣ. ಚಾರ್ಲ್ಸ್ ಡಿಕನ್ಸನು ಹನ್ನೆರಡು ಕಂತುಗಳೆಂದು ಯೋಜಿಸಿದ ಎಡ್ವಿನ್ ಡ್ರೂಡನ ರಹಸ್ಯಕಥೆಯಲ್ಲಿ ಆರನ್ನು ಮಾತ್ರ ಬರೆದು 1870ರ ಜೂನ್ 9ರಂದು ತೀರಿಕೊಂಡ. ಡ್ರೂಡನಿಗೆ ಏನಾಯಿತೆಂದು ಇಂದಿಗೂ ವಿದ್ವಾಂಸರು ವಾದಿಸುತ್ತಾರೆ. ಡಿಕನ್ಸನ ಮೇಲೆ ಯಾರೂ ಕೋಪಗೊಳ್ಳುವುದಿಲ್ಲ. ಈ ವಿನಾಯಿತಿಯನ್ನು ಪಡೆಯಲು ಬಯಸುವ ಧಾರಾವಾಹಿಕಾರರು ಅದರ ಷರತ್ತನ್ನು ಮೊದಲು ಗಮನಿಸಬೇಕಾಗಿ ವಿನಂತಿ.

೭. ಪೂರ್ವಪಕ್ಷ

ಈಗ ವಾಹಿನೀವಾದಿಗಳ ಆಕ್ಷೇಪ: ‘ಗುಟ್ಟು ಬಯಲಾದರೆ ನೋಡುಗನು ಎದ್ದುಹೋಗುವನು, ಆದಕಾರಣ ಬಯಲು ಮಾಡದಿರುವುದೇ ಧರ್ಮ.’ ಇದಕ್ಕೆ ಅವರು ಕೊಡುವ ದೃಷ್ಟಾಂತ ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟರ ‘ಟ್ವಿನ್ ಪೀಕ್ಸ್’. 1990ರ ಏಪ್ರಿಲಿನಲ್ಲಿ ಲಾರಾ ಪಾಮರಳ ಶವ ದೊರೆತಂದಿನಿಂದ ಕೊಲೆಗಾರನಾರೆಂದು ಅಮೆರಿಕವೆಲ್ಲ ಕೇಳಿತು. ವಾಹಿನಿಯ ಒತ್ತಾಯಕ್ಕೆ ಮಣಿದು ನವೆಂಬರಿನಲ್ಲಿ ಉತ್ತರ ಹೇಳಲಾಯಿತು. ತರುವಾಯ ನೋಡುಗರು ಕರಗಿ, ಮರುವರ್ಷ ಧಾರಾವಾಹಿ ನಿಂತಿತು. ಉತ್ತರ ಹೇಳಿದ್ದೇ ತಪ್ಪಾಯಿತೆಂದು ಲಿಂಚರೂ ಹಲುಬಿದ್ದುಂಟು. ಪ್ರಬಲವಾದ ಆಕ್ಷೇಪವೇ ಹೌದು. ಆದರೆ ವಾರದ ಮಧ್ಯದಿಂದ ಅದನ್ನು ಶನಿವಾರದ ರಾತ್ರಿಗೆ, ಎಂದರೆ ನೋಡುಗರು ಮನೆಯಲ್ಲಿರದ ಹೊತ್ತಿಗೆ, ತಳ್ಳಿದ್ದೂ, ಕೊಲೆಗಾರನು ಸಿಕ್ಕಿದ ಮೇಲೆ ಹೇಳಲು ಅಷ್ಟೇ ಬಲವಾದ ಕಥೆಯನ್ನು ಸಿದ್ಧಪಡಿಸಿಕೊಳ್ಳದೆ ಇದ್ದದ್ದೂ ಇಲ್ಲಿ ಉಪಾಧಿಗಳು. ಉಪಾಧಿಯುಳ್ಳ ಹೇತುವಿನಿಂದ ಸಾಧ್ಯವು ಸಿದ್ಧಿಸದೆಂಬುದು ತರ್ಕಸಂಗ್ರಹವನ್ನೋದಿದ ಬಾಲಕನಿಗೂ ತಿಳಿದಿದೆ.

ಪ್ರತಿದೃಷ್ಟಾಂತವಾಗಿ ‘ಡಲ್ಲಾಸ್’ ಇದೆ. 1980ರ ಮಾರ್ಚ್ 21ರಂದು ಅದರ ಖಳನಾದ ಜೆ.ಆರ್.ಗೆ ಯಾರೋ ಗುಂಡು ಹಾರಿಸಿದರು. ನಟರ ಮುಷ್ಕರದಿಂದ ಉತ್ತರ ತಡವಾಯಿತು. ಗುಟ್ಟು ಸೋರದಿರಲೆಂದು ಹಲವು ನಟರು ಗುಂಡು ಹಾರಿಸುವ ದೃಶ್ಯಗಳನ್ನು ಬೇರೆ ಬೇರೆಯಾಗಿ ಚಿತ್ರೀಕರಿಸಿದರು. ನವೆಂಬರ್ 21ರಂದು ಉತ್ತರ ಬಂದಾಗ ಎಂಟು ಕೋಟಿಗೂ ಮಿಕ್ಕಿದ ಅಮೆರಿಕನ್ನರು ಪರದೆಯ ಮುಂದಿದ್ದರು. ಗುಂಡು ಹಾರಿಸಿದವಳು ಆತನ ನಾದಿನಿ ಎಂದು ತಿಳಿದ ಮೇಲೆಯೂ ಧಾರಾವಾಹಿ 1991ರವರೆಗೆ ನಡೆಯಿತು. ಗುಟ್ಟು ಒಡೆದರೆ ಕಥೆ ಸಾಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ‘ಕೊಲಂಬೋ’ದಲ್ಲಿಯಂತೂ ಕೊಲೆ ಮಾಡಿದವನು ಯಾರೆಂದು ಬಹುತೇಕ ಪ್ರತಿ ಕಂತಿನ ಆರಂಭದಲ್ಲಿಯೇ ತೋರಿಸಿ, ಪತ್ತೇದಾರನ ಪಾತ್ರದ ಪೀಟರ್ ಫಾಕ್ ಆತನನ್ನು ಹಿಡಿಯುವ ಬಗೆಯನ್ನು ಮಾತ್ರ ನೋಡಲು ಬಿಟ್ಟರು, ಜನ ದಶಕಗಳ ಕಾಲ ನೋಡಿದರು. ಮೇಜಿನ ಕೆಳಗೆ ಬಾಂಬಿದೆಯೆಂದು ಮೊದಲೇ ತಿಳಿಸಿದರೆ ಹದಿನೈದು ನಿಮಿಷಗಳ ಉತ್ಕಂಠೆ, ತಿಳಿಸದೆ ಸಿಡಿಸಿದರೆ ಹದಿನೈದು ಸೆಕೆಂಡುಗಳ ಬೆರಗು ಎಂದು ಚಿತ್ರನಿರ್ದೇಶಕ ಹಿಚ್‌ಕಾಕ್ ಮತ್ತೊಬ್ಬ ನಿರ್ದೇಶಕ ಟ್ರುಫೋಗೆ ವಿವರಿಸಿದ ತತ್ತ್ವವೂ ನಾಲ್ಕನೆಯ ಅಂಕದಲ್ಲಿ ದುರ್ವಾಸರನ್ನು ತಂದ ಕವಿಯ ತತ್ತ್ವವೂ ಒಂದೇ.

೮. ಕಾರಣವಿಚಾರ

ಹಾಗಿದ್ದೂ ಗೋಪನವು ಅನಂತವಾಗುವುದೇಕೆ? ಗ್ರಂಥಕಾರನು ಇಲ್ಲಿ ಪರಿಹಾಸವನ್ನು ಬದಿಗಿಟ್ಟು ಹೇಳುತ್ತಾನೆ: ಧಾರಾವಾಹಿಯ ಲೇಖಕನಿಗೆ ತನ್ನ ಕಥೆ ಎಂದು ಮುಗಿಯುವುದೆಂದು ತಿಳಿಯದು. ಪ್ರತಿ ಗುರುವಾರ ಬರುವ ಟಿ.ಆರ್.ಪಿ.ಯ ಅಂಕಿಗಳು ಏರಿದರೆ ಕಥೆ ಬೆಳೆಯಬೇಕು, ಇಳಿದರೆ ಬೆಳೆದದ್ದನ್ನು ಕತ್ತರಿಸಬೇಕು. ವಾರಕ್ಕೆ ಐದಾರು ಕಂತುಗಳನ್ನು ತುಂಬಬೇಕಾದವನು ಗುಟ್ಟನ್ನು ಖರ್ಚು ಮಾಡಿದರೆ ನಾಳೆಗೇನೆಂದು ಹೆದರುತ್ತಾನೆ. ಗಂಟೆಗೆ 12 ನಿಮಿಷದವರೆಗೆ ಜಾಹೀರಾತಿಗೆ ಕೇಬಲ್ ಟೆಲಿವಿಷನ್ ನಿಯಮಾವಳಿ ಅವಕಾಶ ಕೊಟ್ಟಿದೆ. ಆ ನಿಮಿಷಗಳಲ್ಲಿ ನೋಡುಗನು ಎದ್ದು ಹೋಗದಂತೆ ಹಿಡಿದಿಡುವ ಕೆಲಸವನ್ನು ಗುಟ್ಟಿಗೆ ವಹಿಸಲಾಗಿದೆ. ಹೀಗೆ, ಕಥೆಯ ಅಂಗವಾಗಿದ್ದ ಗುಟ್ಟು ವ್ಯಾಪಾರದ ಅಂಗವಾಯಿತು. ನೋಡುಗನ ಸ್ಥಿತಿಯಾದರೋ ತಿಂಗಳು ತಿಂಗಳೂ ತಪ್ಪದೆ ಚೀಟಿಯ ಹಣ ಕಟ್ಟಿ, ತನ್ನ ಸರದಿ ಯಾವ ತಿಂಗಳೆಂದು ಕೇಳಿದಾಗಲೆಲ್ಲ ಚೀಟಿ ನಡೆಸುವವನಿಂದ ‘ಸಮಯ ಬಂದಾಗ ಹೇಳ್ತೀನಿ’ ಎಂಬ ಉತ್ತರವನ್ನು ಪಡೆಯುವ ಸದಸ್ಯನ ಸ್ಥಿತಿ. ಆತ ಸಿಟ್ಟಾಗುವುದು ಹಣ ಕಟ್ಟಬೇಕಾದುದಕ್ಕಲ್ಲ, ಸರದಿಯ ತಿಂಗಳು ಗೊತ್ತಿಲ್ಲದಿರುವುದಕ್ಕೆ.

೯. ಸಿದ್ಧಾಂತ

ಆದುದರಿಂದ ನಮ್ಮ ಸಿದ್ಧಾಂತವಿದು: ಗುಟ್ಟು ದೋಷವಲ್ಲ, ಅವಧಿಯಿಲ್ಲದ ಗುಟ್ಟು ದೋಷ. ‘ಲಾಸ್ಟ್’ನವರಿಗೂ ಇದು ತಿಳಿಯದೆ ಹೋಗಲಿಲ್ಲ. ಕಥೆ ಎಲ್ಲಿಗೂ ಹೋಗುತ್ತಿಲ್ಲವೆಂಬ ಗೊಣಗು ಮೂರನೆಯ ಸೀಸನ್ನಿನಲ್ಲಿ ಬಲವಾದಾಗ, ಕೊನೆಯ ದಿನವನ್ನು ನಿಗದಿಪಡಿಸಬೇಕೆಂದು ಲೇಖಕರು ಹಟ ಹಿಡಿದು, ಇನ್ನು 48 ಕಂತುಗಳಲ್ಲಿ, 2010ರಲ್ಲಿ ಮುಗಿಯುವುದೆಂದು 2007ರ ಮೇ ತಿಂಗಳಲ್ಲಿ ವಾಹಿನಿಯಿಂದ ಘೋಷಣೆ ಮಾಡಿಸಿದರು. ಜನಪ್ರಿಯ ಧಾರಾವಾಹಿಯೊಂದು ತನ್ನ ಅಂತ್ಯವನ್ನು ಮೂರು ವರ್ಷ ಮುಂಚೆಯೇ ಸಾರಿದ್ದು ಆ ನಾಡಿಗೂ ಅಪರೂಪವೇ. ಅವರು ಬಿತ್ತಿದ ಗುಟ್ಟುಗಳಲ್ಲಿ ಹಲವನ್ನು ಬಿಡಿಸದೆ ಉಳಿಸಿದ್ದು ಅವರ ದೋಷ; ದಿನವನ್ನು ಸಾರಿದ್ದು ಅವರ ಗುಣ. ಅವಧಿಯುಳ್ಳ ಗುಟ್ಟು ನಮ್ಮಲ್ಲಿ ಹೊಸದೂ ಅಲ್ಲ. 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬಂದ ಸದಾನಂದ ಸುವರ್ಣರ ‘ಗುಡ್ಡದ ಭೂತ’ವು ರಹಸ್ಯವನ್ನೇ ಕಥೆಯಾಗಿ ಹೊಂದಿ, ಕೆಲವೇ ಕಂತುಗಳಲ್ಲಿ ಮುಗಿದು, ಮೂರು ದಶಕಗಳ ಮೇಲೆಯೂ ನೋಡಿದವರ ನೆನಪಿನಲ್ಲಿದೆ. ಮೂರು ವರ್ಷ ನಡೆದ ಎಷ್ಟು ಧಾರಾವಾಹಿಗಳಿಗೆ ಮೂರು ತಿಂಗಳ ನೆನಪು ದಕ್ಕಿದೆಯೆಂಬುದನ್ನು ಓದುಗರೇ ಹೇಳಲಿ.

ಇಷ್ಟರಿಂದ ಫಲಿಸುವ ವಿಧಿಗಳು ಮೂರು. ಹೊಸ ಗುಟ್ಟನ್ನು ಬಿತ್ತುವ ಮೊದಲು ಹಳೆಯದೊಂದನ್ನು ಬಿಡಿಸಬೇಕು. ಗುಟ್ಟನ್ನು ಬಿತ್ತುವ ಲೇಖಕನು ಅದರ ಉತ್ತರವನ್ನು ಬರೆದು ಮುದ್ರೆಯೊತ್ತಿ ವಾಹಿನಿಗೆ ಒಪ್ಪಿಸಿರಬೇಕು, ಮತ್ತು ಆ ಲಕೋಟೆಯನ್ನು ಫ್ಯಾನಿನಿಂದಲೂ ಹೋಮಕುಂಡದಿಂದಲೂ ದೂರವಿಡಬೇಕು. ಪ್ರತಿ ಕಂತಿನ ಆರಂಭದಲ್ಲಿ ಪಾತ್ರಧಾರಿಗಳ ಹೆಸರಿನೊಡನೆ ಕಥೆಯ ಕೊನೆಯ ದಿನವನ್ನೂ ತೋರಿಸಬೇಕು. ವಾಹಿನಿಗಳು ಇದನ್ನು ತಾವಾಗಿಯೇ ಮಾಡುವುವೆಂದು ನಂಬಲು ಶಾಸ್ತ್ರದಲ್ಲಿ ಪ್ರಮಾಣವಿಲ್ಲ; ಮಾಡಿಸಬೇಕಾದವರು ರಿಮೋಟನ್ನು ಹಿಡಿದವರೇ. ಆದಕಾರಣ ಈ ಮೀಮಾಂಸೆಯನ್ನು ಇಲ್ಲಿಯವರೆಗೆ ತಾಳ್ಮೆಯಿಂದ ಓದಿದ ಸಹೃದಯರಲ್ಲಿ ಒಂದೇ ಪ್ರಾರ್ಥನೆ: ನೀವು ನೋಡುವ ಧಾರಾವಾಹಿಯು ಎಂದು ಮುಗಿಯುವುದೆಂದು ಅದನ್ನು ತೋರಿಸುವವರನ್ನು ಕೇಳಿರಿ, ಮುಗಿಯುವ ದಿನವನ್ನು ಹೇಳಲಾರದವರ ಗುಟ್ಟಿಗೆ ನಿಮ್ಮ ಸಂಜೆಗಳನ್ನು ಕೊಡಬೇಡಿರಿ.